ಚಿತ್ರಕ್ಕೆ ಕ್ರಿಟಾ, ಬಲೂನಿಗೆ ಬೇರೆ ಹತ್ಯಾರ: ಕಲಬುರಗಿಯಿಂದ ಒಂದು ಬಳಕೆದಾರ ವಿಮರ್ಶೆ

ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ತಂತ್ರಾಂಶ ಕ್ರಿಟಾ ಪುಕ್ಕಟೆ ಸಿಗುತ್ತದೆ ಅಂತಲೇ ಅದನ್ನು ಹೊಗಳುವವರು ಬಕ್ಕಳ ಮಂದಿ. ಆ ಲೆಕ್ಕಕ್ಕೆ ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಓಡಾಡುವ ಕಳ್ಳ ಫೋಟೋಶಾಪೂ ಪುಕ್ಕಟೆಯೇ. ನಾನು ನೋಡುವುದು ಬೇರೆ: ಕಲಬುರಗಿ ಕನ್ನಡ ಮಾತಾಡುವ ಪಾತ್ರಗಳನ್ನಿಟ್ಟು ಕಾಮಿಕ್ಸ್ ಮಾಡಿ, ಇಲ್ಲೇ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸುವವಳಿಗೆ ಇದು ಕೆಲಸಕ್ಕೆ ಬರುತ್ತದೋ ಇಲ್ಲವೋ? ಚಿತ್ರದ ಮಟ್ಟಿಗೆ ಬರುತ್ತದೆ, ಎರಡು ಮಾತಿಲ್ಲ. ಪಾತ್ರಗಳ ತಲೆ ಪಕ್ಕದ ಬಲೂನಿನೊಳಗೆ ಬರೆಯುವ ಮಾತಿಗೆ ಮಾತ್ರ ಇನ್ನೊಂದು ಹತ್ಯಾರ ಇಟ್ಟುಕೊಳ್ಳಲೇಬೇಕು.

ನನ್ನ ಸಾಮಾನು ಅಂಥ ದೊಡ್ಡದೇನಲ್ಲ. 8 ಜಿಬಿ ರ‍್ಯಾಮಿನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಪರದೆ ಇಲ್ಲದ ಪೆನ್ ಟ್ಯಾಬ್ಲೆಟ್. ಹಗಲು ಹೊತ್ತು ಶಾಲೆ ಗೈಡುಗಳಿಗೆ ಚಿತ್ರ, ಮದುವೆ ಕಾರ್ಡಿಗೆ ವಧು-ವರರ ಕ್ಯಾರಿಕೇಚರ್, ಯೂಟ್ಯೂಬಿನವರಿಗೆ ಥಂಬ್‌ನೇಲ್. ರಾತ್ರಿ ನನ್ನ ಸ್ವಂತ ಕಾಮಿಕ್ಸ್. ಅದರಲ್ಲಿ ಖಡಕ್ ರೊಟ್ಟಿ ಕೇಂದ್ರ ನಡೆಸುವ ಮುದುಕಿಯೊಬ್ಬಳು ಓಣಿಯ ಮಂದಿಯ ಜಗಳ ಬಿಡಿಸುತ್ತಾಳೆ, ಒಮ್ಮೊಮ್ಮೆ ತಾನೇ ಹಚ್ಚುತ್ತಾಳೆ.

ಇಷ್ಟು ರ‍್ಯಾಮಿನಲ್ಲಿ ಸಾಗುತ್ತದೋ ಅಂತ ಕೇಳುವವರಿಗೆ ಲೆಕ್ಕ ಕೊಡುತ್ತೇನೆ. ಎ4 ಹಾಳೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಂದರೆ 2480×3508 ಪಿಕ್ಸೆಲ್. ಪೂರ್ತಿ ತುಂಬಿದ ಒಂದು ಲೇಯರಿಗೆ, ಅಂದರೆ ಒಂದರ ಮೇಲೊಂದು ಹೊದಿಸುವ ಚಿತ್ರದ ಪದರಿಗೆ, ಹತ್ತಿರ ಹತ್ತಿರ 35 ಎಂಬಿ ಹೋಗುತ್ತದೆ. ಅದನ್ನೇ 600 ಡಿಪಿಐ ಮಾಡಿದರೆ ನಾಲ್ಕು ಪಟ್ಟು, ಲೇಯರಿಗೆ 139 ಎಂಬಿ. ಇಪ್ಪತ್ತು ಲೇಯರ್ ಕೂಡಿಸಿ ನೋಡಿ, ಫ್ಯಾನ್ ಯಾಕೆ ಕೂಗುತ್ತದೆ ಗೊತ್ತಾಗುತ್ತದೆ. ನನ್ನ ಪುಸ್ತಕ ಎ5 ಅಳತೆಯದು. ಎ4ನಲ್ಲಿ 300ಕ್ಕೆ ಬರೆದು ಎ5ಗೆ ಇಳಿಸಿದರೆ ತಾನಾಗಿ ಸುಮಾರು 424 ಡಿಪಿಐ ಆಗುತ್ತದೆ. ಕಪ್ಪು ಗೆರೆಗೆ ಅಷ್ಟು ಸಾಕು. ಕ್ರಿಟಾ ಈ ಅಳತೆಯಲ್ಲಿ ಎಲ್ಲೂ ತೊದಲುವುದಿಲ್ಲ. ಕರೆಂಟು ನಂಬುವ ಹಾಗಿಲ್ಲದ ಮನೆಯಾದರೆ ಸೆಟ್ಟಿಂಗ್ಸಿಗೆ ಹೋಗಿ ಆಟೋಸೇವ್ ಅವಧಿಯನ್ನು ಮೂರು ನಿಮಿಷಕ್ಕೆ ಇಳಿಸಿಬಿಡಿ.

ಗೆರೆಯ ವಿಷಯದಲ್ಲಿ ನನಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದಿಲ್ಲ. ಗೆರೆ ಸಾಫು ಮಾಡುವ ಮೂರು ಬಗೆ ಇದರಲ್ಲಿವೆ: ಬೇಸಿಕ್, ವೇಟೆಡ್, ಸ್ಟೆಬಿಲೈಜರ್. ಮುಖ, ಕೈಬೆರಳಿಗೆ ನಾನು ಬೇಸಿಕ್ ಇಡುತ್ತೇನೆ, ಗೆರೆಯಲ್ಲಿ ಜೀವ ಇರಲಿ ಅಂತ. ಸೀರೆಯ ನೆರಿಗೆ, ಆಟೋ ಗಾಲಿ, ಉದ್ದ ವೈರುಗಳಿಗೆ ಸ್ಟೆಬಿಲೈಜರ್. ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲಿಗೆ ಅಂಗೈ ಬೆವತು ಟ್ಯಾಬ್ಲೆಟಿಗೆ ಅಂಟಿಕೊಂಡಾಗ ಈ ಸ್ಟೆಬಿಲೈಜರೇ ಮರ್ಯಾದೆ ಉಳಿಸುವುದು. (ಆನ್‌ಲೈನಿನಲ್ಲಿ ಮಾರುವ ಎರಡು ಬೆರಳಿನ ಕೈಗವಸು ತರಿಸಬೇಡಿ. ಹಳೆ ಹತ್ತಿ ಕಾಲುಚೀಲದ ತುದಿ ಕತ್ತರಿಸಿ ಹಾಕಿಕೊಳ್ಳಿ.) ಎಂ ಕೀ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುತ್ತದೆ; ಮುಖ ಸೊಟ್ಟಗಾಗಿದ್ದರೆ ಆಗಲೇ ಸಿಕ್ಕಿಬೀಳುತ್ತದೆ.

ಪರ್ಸ್‌ಪೆಕ್ಟಿವ್‌ಗೆ ಇದರಲ್ಲಿರುವ ಅಸಿಸ್ಟೆಂಟ್ ಗೆರೆಗಳನ್ನು ಪರೀಕ್ಷಿಸಬೇಕಾದರೆ ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಗಿಂತ ಒಳ್ಳೆ ಜಾಗ ಯಾವುದು? 1367ರ ಕಟ್ಟಡ. ಬೇರೆ ಮಸೀದಿಗಳ ಹಾಗೆ ನಡುವೆ ಬಯಲು ಅಂಗಳ ಇಲ್ಲ, ಅಷ್ಟೂ ಮೇಲೆ ಗುಮ್ಮಟ ಹೊದ್ದ ಚಾವಣಿ. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು, ಕಣ್ಣು ಸೋಲುವ ತನಕ. ದೂರ ಹೋಗುವ ಗೆರೆಗಳೆಲ್ಲ ಕೂಡುವ ವ್ಯಾನಿಶಿಂಗ್ ಪಾಯಿಂಟ್ ಒಂದನ್ನು ನೆಟ್ಟು, ಬ್ರಶ್ಶನ್ನು ಅಸಿಸ್ಟೆಂಟಿಗೆ ಅಂಟಿಸಿದರೆ ಸಾಲುಗಂಬಗಳು ಕೂಡಬೇಕಾದ ಕಡೆಗೇ ಹೋಗಿ ಕೂಡುತ್ತವೆ. ಕಮಾನಿನ ಬಾಗಿಗೆ ಮಾತ್ರ ನಾನು ಕೈಯನ್ನೇ ನಂಬುತ್ತೇನೆ.

ಬಣ್ಣದ ಬಗ್ಗೆ ಹೇಳುವಾಗ ಊರಿನ ಅಭಿಮಾನ ಅಡ್ಡ ಬರುತ್ತದೆ, ಬರಲಿ. 1916ರಲ್ಲಿ ಇಲ್ಲೇ ಹುಟ್ಟಿ ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದ ಎಸ್. ಎಂ. ಪಂಡಿತರ ಊರು ಇದು. ರಂಗಮಂದಿರಕ್ಕೂ ಅವರದೇ ಹೆಸರು. ಆ ಮೈಬಣ್ಣದ ಮೆತ್ತನೆ ಹೊರಳು ಬೇಕಾದವರು ಕ್ರಿಟಾದ ಕಲರ್ ಸ್ಮಜ್ ಬ್ರಶ್ಶುಗಳನ್ನು ಹಚ್ಚಿ ನೋಡಿ. ಹಸಿ ಬಣ್ಣವನ್ನು ಹಸಿ ಬಣ್ಣದೊಳಗೆ ಎಳೆದ ಹಾಗೇ ಬರುತ್ತದೆ. ಕಾಮಿಕ್ಸಿನ ಚಪ್ಪಟೆ ಬಣ್ಣಕ್ಕೆ ಕಲರೈಜ್ ಮಾಸ್ಕ್ ಇದೆ: ಅಲ್ಲಲ್ಲಿ ಬಣ್ಣ ಗೀಚಿದರೆ ಗೆರೆ ನೋಡಿಕೊಂಡು ತಾನೇ ತುಂಬುತ್ತದೆ. ಕೇಳಲು ಚೆಂದ. ದೊಡ್ಡ ಪುಟದಲ್ಲಿ ನಿಧಾನವಾಗುತ್ತದೆ, ನಾನು ಬಿಟ್ಟುಬಿಟ್ಟೆ.

ಪುಟವನ್ನು ಪ್ಯಾನಲ್‌ಗಳಾಗಿ, ಅಂದರೆ ಚಿತ್ರದ ಚೌಕಗಳಾಗಿ, ಕತ್ತರಿಸಲು ನಾನು ಬಳಸುವ 5.2 ಸಾಲಿನಲ್ಲಿ ಪ್ರತ್ಯೇಕ ಸಲಕರಣೆ ಇಲ್ಲ; ಕಾಮಿಕ್ಸಿನವರ ಇನ್ನೊಂದು ತಂತ್ರಾಂಶ ಕ್ಲಿಪ್ ಸ್ಟುಡಿಯೋ ಬಳಸುವವರು ಇಲ್ಲಿ ನಗುತ್ತಾರೆ. ವೆಕ್ಟರ್ ಲೇಯರಿನಲ್ಲಿ ಚೌಕ ಹಾಕಿ, ಗ್ರೂಪ್ ಮಾಡಿ, ಇನ್‌ಹೆರಿಟ್ ಆಲ್ಫಾ ಒತ್ತಿದರೆ ಚಿತ್ರ ಚೌಕದಾಚೆ ಹೋಗುವುದಿಲ್ಲ. ಒಂದು ಪುಟ ಹಾಗೆ ಕಟ್ಟಿಟ್ಟುಕೊಂಡು ಟೆಂಪ್ಲೇಟ್ ಮಾಡಿಕೊಂಡರೆ ಮುಗಿಯಿತು.

ಈಗ ಬಲೂನು. ಭೀಮಾ ದಂಡೆಯ ಕನಗನಹಳ್ಳಿ ಸ್ತೂಪದಲ್ಲಿ ಅಶೋಕನ ಶಿಲ್ಪದ ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರನ್ನೂ ಕೊರೆದಿದ್ದಾರೆ. ಚಿತ್ರ, ಅಕ್ಷರ ಎರಡನ್ನೂ ಒಂದೇ ಕಲ್ಲಿನಲ್ಲಿ ಕೂಡಿಸಿದ ಜಿಲ್ಲೆ ನಮ್ಮದು. ಕಂಪ್ಯೂಟರಿನಲ್ಲಿ ಕೂಡಿಸುವುದು ಅದಕ್ಕಿಂತ ಕಷ್ಟ ಆಗಿರಬಾರದಿತ್ತು.

ಕ್ರಿಟಾ 5.2ರಲ್ಲಿ, ಅಂದರೆ 2023ರ ಅಕ್ಟೋಬರಿನಲ್ಲಿ, ಅಕ್ಷರ ಜೋಡಿಸುವ ಒಳಯಂತ್ರವನ್ನೇ ಹೊಸದಾಗಿ ಮಾಡಿದರು. ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಫಾಂಟ್ ಇದ್ದರೆ ಒತ್ತಕ್ಷರ ಒಡೆಯುವುದಿಲ್ಲ. ತೊಂದರೆ ಇರುವುದು ತಿದ್ದುವುದರಲ್ಲಿ. ನಾನು ಬಳಸುವ 5.2 ಸಾಲಿನಲ್ಲಿ ಅಕ್ಷರ ತಿದ್ದಲು ಬೇರೊಂದು ಕಿಟಕಿ ತೆರೆಯುತ್ತದೆ. ಅಲ್ಲಿ ತಿದ್ದಿ, ಸೇವ್ ಮಾಡಿ, ಇಲ್ಲಿ ಬಂದು ನೋಡಿ, ಸಾಲು ಹೊರಗೆ ಹೋಗಿದ್ದರೆ ಮತ್ತೆ ಅಲ್ಲಿಗೆ. ನನ್ನ ಮುದುಕಿಗೆ ಪುಟಕ್ಕೆ ಹತ್ತು-ಹನ್ನೆರಡು ಬಲೂನು ಬೇಕು, ಅವಳು ಕಡಿಮೆ ಮಾತಿನವಳಲ್ಲ.

ಅದಕ್ಕೇ ಮಾತನ್ನೆಲ್ಲ ಇಂಕ್‌ಸ್ಕೇಪ್ ಅನ್ನುವ ಇನ್ನೊಂದು ತಂತ್ರಾಂಶಕ್ಕೆ ಒಯ್ಯುತ್ತೇನೆ. ಅದೂ ಪುಕ್ಕಟೆ. ಅಲ್ಲಿ ಹಾಳೆಯ ಮೇಲೇ ಟೈಪ್ ಮಾಡಬಹುದು, ಬಲೂನಿನ ಆಕಾರದೊಳಗೆ ಸಾಲು ಹರಿಸಬಹುದು. ಇಂಗ್ಲಿಷ್ ಕಾಮಿಕ್ಸಿನಲ್ಲಿ ಎಲ್ಲ ದೊಡ್ಡಕ್ಷರ, ಸಾಲುಗಳನ್ನು ಒತ್ತೊತ್ತಾಗಿ ಪೇರಿಸುತ್ತಾರೆ. ನಮಗೆ ಕೆಳಗೆ ಒತ್ತು, ಮೇಲೆ ಗುಡಿಸು. ಸಾಲಿನ ಅಂತರ 1.5 ಆದರೂ ಇಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ನೆತ್ತಿ ತಿವಿಯುತ್ತದೆ. ಮೇಲಾಗಿ ನಮ್ಮ ಪದಗಳು ಉದ್ದ. ‘ತಿರಗ್ಯಾಡ್ಲಕತ್ತಾರ’ ಅನ್ನುವುದನ್ನು ಮೊಟ್ಟೆಯಾಕಾರದ ಬಲೂನಿನ ಮೊದಲ ಸಾಲಿಗೆ ಹಾಕಿ ನೋಡಿ, ಎರಡೂ ಬದಿ ಹೊರಗೆ ಚಾಚುತ್ತದೆ. ನಾನು ಮೂಲೆ ದುಂಡಗಿನ ಚೌಕ ಬಲೂನಿಗೆ ಬಂದು ನಿಂತಿದ್ದೇನೆ.

ಕಾಣದ ಅಕ್ಷರ ಒಂದಿದೆ, ಜೀರೋ ವಿಡ್ತ್ ನಾನ್ ಜಾಯ್ನರ್. ಅದು ನಡುವೆ ಇದ್ದರೆ ‘ಬಸ್‌ಸ್ಟ್ಯಾಂಡ್’ ಓದಲು ಬರುತ್ತದೆ. ಅದು ಬಿದ್ದುಹೋದರೆ ‘ಬಸ್ಸ್ಟ್ಯಾಂಡ್’ ಆಗಿ ಒತ್ತಿನ ಕೆಳಗೆ ಒತ್ತು ಬೀಳುತ್ತದೆ. ಆಡುಮಾತು ಬರೆಯುವವರಿಗೆ ಹೆಜ್ಜೆಹೆಜ್ಜೆಗೂ ಇದು ಬೇಕು. ಕಾಪಿ-ಪೇಸ್ಟ್ ಮಾಡುವಾಗ ಉಳಿಯಿತೋ ಇಲ್ಲವೋ ಒಮ್ಮೆ ಕಣ್ಣಾಡಿಸಿ.

ಫಾಂಟಿನಲ್ಲಿ ನನ್ನ ಓಟು ಅನೇಕ್ ಕನ್ನಡಕ್ಕೆ. ದಪ್ಪವನ್ನಷ್ಟೇ ಅಲ್ಲ, ಅಗಲವನ್ನೂ ಕುಗ್ಗಿಸಬಹುದು. ಉದ್ದ ಪದದ ಕಾಯಿಲೆಗೆ ಅದೇ ಔಷಧ. ಚೀರಾಟ, ‘ಧಡ್’, ‘ಢಂ’ಗಳಿಗೆ ‘ಬಲೂ ತಮ್ಮ’ ಅನ್ನುವ ಫಾಂಟು. ನೋಟೋ ಸ್ಯಾನ್ಸ್ ಚೊಕ್ಕಟ ಇದೆ, ಆದರೆ ಮುದುಕಿಯ ಬೈಗುಳವನ್ನು ಅದರಲ್ಲಿ ಓದಿದರೆ ತಹಶೀಲ್ದಾರ್ ಕಚೇರಿಯ ನೋಟಿಸಿನಂತೆ ಕಾಣುತ್ತದೆ. ಮೂರೂ ಗೂಗಲ್ ಫಾಂಟ್ಸಿನಲ್ಲಿ ಮುಕ್ತ ಪರವಾನಗಿಯಲ್ಲಿವೆ, ಅಚ್ಚಿಗೆ ಬಳಸಿದರೆ ಯಾರೂ ಕೇಳುವುದಿಲ್ಲ.

ಪ್ರೆಸ್ಸಿನ ಕಾಕಾ ಮಾತ್ರ ಇದ್ಯಾವುದನ್ನೂ ಒಪ್ಪುವವರಲ್ಲ. “‘ನುಡಿ’ ಸಾಫ್ಟ್‌ವೇರ್‌ದಾಗ ಟೈಪ್ ಮಾಡಿ ಕೊಡವ್ವಾ, ಇಲ್ಲಂದ್ರ ಕೋರಲ್ ಡ್ರಾ ಫೈಲ್ ತಾ. ಈ ಯುನಿಕೋಡ್ ನಮ್ಮ ಮಷಿನ್ನಿನಾಗ ಒಡೀತದ” ಅಂದರು. ಅವರ ಮಾತೂ ಸುಳ್ಳಲ್ಲ, ಹಳೆಯ ಡಿಟಿಪಿ ತಂತ್ರಾಂಶಕ್ಕೆ ಅದು ಜೀರ್ಣವಾಗುವುದಿಲ್ಲ. ಉಪಾಯ ಸರಳ: ಎಲ್ಲ ತಿದ್ದಿ ಮುಗಿದ ಮೇಲೆ ಇಂಕ್‌ಸ್ಕೇಪಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಮಾಡಿದರೆ ಅಕ್ಷರಗಳೆಲ್ಲ ಬರೀ ಆಕಾರಗಳಾಗುತ್ತವೆ, ಯಾರ ಮಷಿನ್ನಿನಲ್ಲೂ ಒಡೆಯುವುದಿಲ್ಲ. ತಿದ್ದಬಹುದಾದ ಪ್ರತಿ ಬೇರೆ ಇಟ್ಟುಕೊಳ್ಳಿ.

ಕ್ರಿಟಾಕ್ಕೆ ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಶಾಯಿಯ ಬಣ್ಣದ ಲೆಕ್ಕ, ಬರುತ್ತದೆ, ಬಣ್ಣದ ಪ್ರೊಫೈಲೂ ಕೂಡಿಸಬಹುದು. ಪುಕ್ಕಟೆ ತಂತ್ರಾಂಶಗಳಲ್ಲಿ ಇದು ದೊಡ್ಡ ಮಾತು. ಬಹುಪುಟದ ಪಿಡಿಎಫ್ ಮಾತ್ರ ಅದು ಕೊಡುವುದಿಲ್ಲ. ಅದರ ಕಾಮಿಕ್ಸ್ ಮ್ಯಾನೇಜರ್ ಪ್ಲಗಿನ್ ಪುಟಗಳನ್ನು ಜೋಡಿಸಿ ಸಿಬಿಜೆಡ್, ಇಪಬ್ ಅನ್ನುವ ಇ-ಪುಸ್ತಕದ ಫೈಲು ಮಾಡುತ್ತದೆ, ಮೊಬೈಲಿನಲ್ಲಿ ಓದುವವರಿಗೆ ಸಾಕು. ಅಚ್ಚಿಗೆ ನಾನು ಚಿತ್ರ, ಮಾತು ಎರಡನ್ನೂ ಪುಟ ಜೋಡಿಸುವ ತಂತ್ರಾಂಶ ಸ್ಕ್ರೈಬಸ್ಸಿಗೆ ತಂದು ಪಿಡಿಎಫ್ ಮಾಡುತ್ತೇನೆ. ಅಲ್ಲಿ ಅಕ್ಷರದ ಬಣ್ಣ ಕಪ್ಪು 100, ಉಳಿದ ಮೂರೂ ಸೊನ್ನೆ ಇರಬೇಕು. ನಾಲ್ಕೂ ಬಣ್ಣ ಕೂಡಿ ಆದ ಕಪ್ಪಾದರೆ ಪ್ಲೇಟ್ ಕೂದಲೆಳೆ ಸರಿದರೂ ಅಕ್ಷರಕ್ಕೆ ನೆರಳು ಬೀಳುತ್ತದೆ. ಪುಟದ ಸಂಖ್ಯೆ ನಾಲ್ಕರಿಂದ ಭಾಗವಾಗಲಿ, ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚಿನ ಅಂಚು) ಇರಲಿ.

ಅಪ್ಪನ ಕೆರೆ ದಂಡೆಗೆ ಸ್ಕೆಚ್ ಮಾಡಲು ಸೇರುವ ನಮ್ಮ ಗುಂಪಿನಲ್ಲಿ ಕಲಾ ಕಾಲೇಜಿನ ಹುಡುಗರೇ ಹೆಚ್ಚು. “ಅಕ್ಕಾ, ಫೋನಿನಾಗ ನಡೀತದೇನ್ರಿ?” ಅಂತ ಕೇಳುತ್ತಾರೆ. ಇಲ್ಲ, ಆಂಡ್ರಾಯ್ಡಿಗೆ ಇರುವುದು ದೊಡ್ಡ ಟ್ಯಾಬ್ ಮತ್ತು ಕ್ರೋಮ್‌ಬುಕ್‌ಗಳಿಗಾಗಿ ಮಾಡಿದ್ದು. ಗಿರಾಕಿ ಪಿಎಸ್‌ಡಿ (ಫೋಟೋಶಾಪ್ ಫೈಲು) ಕೇಳಿದರೆ ಕ್ರಿಟಾ ಅದನ್ನೂ ಕೊಡುತ್ತದೆ, ಕೊಡುವ ಮುಂಚೆ ಒಮ್ಮೆ ತೆರೆದು ನೋಡಿ. ಕ್ರಿಟಾ ತಾಣದಿಂದ ಇಳಿಸಿಕೊಂಡರೆ ಕಾಸಿಲ್ಲ. ಸ್ಟೀಮ್, ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ, ಅದು ತಂತ್ರಾಂಶ ಕಟ್ಟುವವರಿಗೆ ಹೋಗುತ್ತದೆ. ಇದರಿಂದ ದುಡಿಯುವವರು ಒಮ್ಮೆಯಾದರೂ ಅಲ್ಲಿ ಕೊಳ್ಳಿ ಅಂತ ನನ್ನ ಮಾತು.

ಕಾಮಿಕ್ಸಿಗೆ ಇಳಿಯುವವರು ಪೆನ್ ಟ್ಯಾಬ್ಲೆಟಿಗೆ ದುಡ್ಡು ಹಾಕುವ ಮೊದಲು ಇಂಕ್‌ಸ್ಕೇಪ್ ಇಳಿಸಿಕೊಂಡು, ಬರೀ ಮೌಸಿನಲ್ಲಿ, ನಿಮ್ಮ ಓಣಿಯ ಒಂದು ಜಗಳವನ್ನು ನಾಲ್ಕು ಬಲೂನಿನಲ್ಲಿ ಕೂಡಿಸಿ ನೋಡಿ. ಟ್ಯಾಬ್ಲೆಟ್ ಆಮೇಲೆ ತರಿಸಿದರೂ ನಡೆಯುತ್ತದೆ.