ರೀಚಾರ್ಜ್ ಇಲ್ಲದ ಟಿವಿ: ಡಿಡಿ ಫ್ರೀ ಡಿಶ್ ಬಂದ ಮೇಲೆ ನಮ್ಮ ಮನೆ

ಡಿಡಿ ಫ್ರೀ ಡಿಶ್ ಹಾಕಿಸಬಹುದಾ ಅಂತ ನೆಂಟರು, ಪರಿಚಯದವರು ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ. ಮನೆಯಲ್ಲಿ ಮೂರು ತಲೆಮಾರು ಒಟ್ಟಿಗಿದ್ದು ಟಿವಿ ಒಂದೇ ಇದ್ದರೆ ಧೈರ್ಯವಾಗಿ ಹಾಕಿಸಿ. ಸಂಜೆಯಾದರೆ ಕನ್ನಡ ಧಾರಾವಾಹಿ ಬಿಟ್ಟು ಬೇರೇನೂ ಬೇಡ ಅನ್ನುವವರು ಮನೆಯಲ್ಲಿದ್ದರೆ ಮಾತ್ರ, ಮೊದಲು ಅವರನ್ನು ಕೂರಿಸಿಕೊಂಡು ಮಾತಾಡಿ, ಆಮೇಲೆ ಹಾಕಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಇದು ಡಿಶ್ ಮೂಲಕ ಪುಕ್ಕಟೆ ಟಿವಿ ಚಾನೆಲ್ ಕೊಡುವ ಸೇವೆ, ಪ್ರಸಾರ ಭಾರತಿಯದು, ಅಂದರೆ ನಮ್ಮ ದೂರದರ್ಶನ, ಆಕಾಶವಾಣಿ ನಡೆಸುವವರದ್ದು. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಿನಲ್ಲಿ ಶುರುವಾಯಿತು, ಆಮೇಲೆ ಹೆಸರು ಬದಲಾಯಿತು. ಡಿಶ್, ಬಾಕ್ಸ್, ವಯರು, ಹಾಕುವವನ ಕೂಲಿ ಎಲ್ಲ ಸೇರಿ ಹೆಚ್ಚು ಕಡಿಮೆ ಒಂದೂವರೆಯಿಂದ ಎರಡು ಸಾವಿರ ಆಗುತ್ತದೆ. ಅಷ್ಟೇ. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ, ಪ್ಯಾಕ್ ಇಲ್ಲ. ಸಿಗ್ನಲ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಇಸ್ರೋದ ಇಂಥ ಉಪಗ್ರಹಗಳನ್ನೆಲ್ಲ ನೋಡಿಕೊಳ್ಳುವ ಮುಖ್ಯ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ನಮ್ಮ ಕಡೆ ಡಿಶ್ಶನ್ನು ಆಗ್ನೇಯಕ್ಕೆ ತಿರುಗಿಸಿ ಕೂರಿಸುತ್ತಾರೆ. ಹಳೆ ಮನೆಗಳಲ್ಲಿ ಅಡುಗೆಮನೆ ಇರುವುದೂ ಆಗ್ನೇಯ ಮೂಲೆಯಲ್ಲೇ ಅಲ್ವಾ, ನಮ್ಮ ಡಿಶ್ ಸರಿಯಾಗಿ ಅಡುಗೆಮನೆ ಮಾಡಿನ ಮೇಲೆ ಕೂತಿದೆ.

ತಿಂಗಳು ತಿಂಗಳು ದುಡ್ಡು ಕಟ್ಟುವ ಕನೆಕ್ಷನ್ ಬಿಟ್ಟು ನಾವು ಇದಕ್ಕೆ ಬದಲಾಯಿಸಿದ್ದು ದುಡ್ಡಿಗೋಸ್ಕರ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ದುಡ್ಡೂ ಹೌದು. 2019ರಲ್ಲಿ ಚಾನೆಲ್ ಆರಿಸಿಕೊಳ್ಳುವ ಹೊಸ ನಿಯಮ ಬಂದಿತಲ್ಲ, ಆವಾಗ ಏನೂ ನೋಡದಿದ್ದರೂ ತಿಂಗಳಿಗೆ 130 ರೂಪಾಯಿ, ತೆರಿಗೆ ಸೇರಿ 153, ಅದರ ಮೇಲೆ ಬೇಕಾದ ಚಾನೆಲ್‌ಗಳ ದರ ಬೇರೆ. ನಮ್ಮದು ಸಾಗರದ ಹತ್ತಿರದ ಹಳ್ಳಿ, ಸಣ್ಣ ಅಡಿಕೆ ತೋಟ. ವರ್ಷಕ್ಕೊಮ್ಮೆ ದುಡ್ಡು ಕಾಣುವ ಮನೆಯಲ್ಲಿ ತಿಂಗಳು ತಿಂಗಳು ಕಟ್ಟುವ ಬಾಬತ್ತು ಒಂದು ಕಡಿಮೆಯಾದರೂ ಅದು ದೊಡ್ಡದೇ. ಆದರೆ ನನಗೆ ಬೇಜಾರಾಗುತ್ತಿದ್ದದ್ದು ಬೇರೆ ವಿಷಯಕ್ಕೆ. ಇನ್ನೂರು ಚಾನೆಲ್ ಇದ್ದರೂ ಹಾಲ್‌ನಲ್ಲಿ ಯಾರೂ ಕೂರುತ್ತಿರಲಿಲ್ಲ. ಅತ್ತೆ ಒಬ್ಬರೇ ಧಾರಾವಾಹಿ ನೋಡುವರು, ಮಾವ ಜಗಲಿಯಲ್ಲಿ ಸುಮ್ನೆ ಕೂತಿರುವರು, ಇವರು ಮೊಬೈಲ್, ಮಕ್ಕಳು ಮೊಬೈಲ್, ನಾನು ಅಡುಗೆಮನೆ. ರಾತ್ರಿ ಊಟಕ್ಕೆ ಕರೆದರೆ ಒಬ್ಬೊಬ್ಬರು ಒಂದೊಂದು ಮೂಲೆಯಿಂದ ಎದ್ದು ಬರುವರು. ಅದನ್ನು ನೋಡಿದಾಗೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು.

ಈಗ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದಕ್ಕೆ ಬರುತ್ತೇನೆ. ದೂರದರ್ಶನದ ಚಾನೆಲ್‌ಗಳೆಲ್ಲ ಇವೆ. ಹಿಂದಿ ಸಿನಿಮಾ, ಹಿಂದಿ ಸುದ್ದಿ, ಭಕ್ತಿ ಚಾನೆಲ್‌ಗಳು ಬೇಕಾದಷ್ಟಿವೆ. ಕನ್ನಡಕ್ಕೆ ಮುಖ್ಯ ಆಸರೆ ಡಿಡಿ ಚಂದನ. ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ ಇವೆಲ್ಲ ಹಣ ಕೊಟ್ಟು ನೋಡುವ ಚಾನೆಲ್‌ಗಳು, ಆದ್ದರಿಂದ ಇದರಲ್ಲಿ ಬರುವುದಿಲ್ಲ. ಅಂಗಡಿಯಲ್ಲಿ ‘ಎಲ್ಲಾ ಬರತ್ತೆ ಅಕ್ಕಾ’ ಅಂದರೆ ನಂಬಬೇಡಿ.

ಅತ್ತೆಗೆ ಇದು ನಿಜವಾಗಲೂ ನಷ್ಟ, ಅದನ್ನು ಮುಚ್ಚಿಡುವುದಿಲ್ಲ. ಅವರಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು, ಹೊರಗೆ ಹೋಗುವುದೇ ಅಪರೂಪ. ಧಾರಾವಾಹಿಯ ಸೊಸೆಯಂದಿರ ಕಷ್ಟಸುಖ ಅವರಿಗೆ ನೆರೆಮನೆಯ ಸುದ್ದಿ ಇದ್ದ ಹಾಗೆ. ಪಕ್ಕದ ಮನೆ ಶಾರದಕ್ಕನ ಜೊತೆ ಬೇಲಿಯ ಆಚೆ ಈಚೆ ನಿಂತು ಮಾತಾಡುವುದೂ ಅದನ್ನೇ. ಸುಮ್ನೆ ‘ಆ ಧಾರಾವಾಹಿಗಳಲ್ಲಿ ಏನಿದೆ’ ಅಂತ ನಾವು ಹೇಳಿಬಿಡಬಹುದು, ಆದರೆ ಅವರ ಸಂಜೆ ಅದು. ಮಗಳು ಮೊಬೈಲ್‌ನಲ್ಲಿ ಹಾಕಿ ಕೊಡುತ್ತಾಳೆ. ಅತ್ತೆ ಸ್ವಲ್ಪ ಹೊತ್ತು ನೋಡಿ ವಾಪಸ್ ಕೊಡುತ್ತಾರೆ, ‘ಕಣ್ಣು ಉರೀತದೆ ಮಾರಾಯ್ತಿ’ ಅಂತ. ಕಡೆಗೆ ಆದ ಏರ್ಪಾಡು ಏನು ಅಂದರೆ, ಅವರಿಗೆ ತುಂಬಾ ಇಷ್ಟದ ಒಂದು ಧಾರಾವಾಹಿಯ ಹೊತ್ತಿಗೆ ಶಾರದಕ್ಕನ ಮನೆಗೆ ಹೋಗುತ್ತಾರೆ, ಮೊಮ್ಮಗ ಕೈ ಹಿಡಿದುಕೊಂಡು ಬಿಟ್ಟು ಬರುತ್ತಾನೆ. ಮಳೆಗಾಲದಲ್ಲಿ ಅದೂ ಆಗುವುದಿಲ್ಲ. ನಿಮ್ಮ ಮನೆಯ ಹಿರಿಯರಿಗೂ ಹೀಗೇ ಇದ್ದರೆ, ಮತ್ತು ಪಕ್ಕದಲ್ಲಿ ಒಬ್ಬ ಶಾರದಕ್ಕ ಇಲ್ಲದಿದ್ದರೆ, ಉಳಿಯುವ ಇನ್ನೂರು ಮುನ್ನೂರು ರೂಪಾಯಿ ನೋಡಬೇಡಿ. ಇರುವುದನ್ನೇ ಇಟ್ಟುಕೊಳ್ಳಿ.

ಇನ್ನು ಸಿಕ್ಕಿದ್ದು. ಥಟ್ ಅಂತ ಹೇಳಿ! ಇದು ಚಂದನದಲ್ಲಿ 2002ರಲ್ಲಿ ಶುರುವಾದ ಕ್ವಿಜ್ ಕಾರ್ಯಕ್ರಮ, ಸಾವಿರಾರು ಕಂತು ದಾಟಿದೆ. ಅದನ್ನು ನಡೆಸಿಕೊಡುವ ಡಾ. ನಾ. ಸೋಮೇಶ್ವರ ಅವರು ವೈದ್ಯರು, ಆದರೆ ಕನ್ನಡದವರಿಗೆಲ್ಲ ಕ್ವಿಜ್ ಮೇಷ್ಟ್ರು. ಸರಿ ಉತ್ತರಕ್ಕೆ ದುಡ್ಡಲ್ಲ, ಕಾರಲ್ಲ, ಕನ್ನಡ ಪುಸ್ತಕ ಬಹುಮಾನ. ಪ್ರಶ್ನೆ ತಪ್ಪಿದವರನ್ನೂ ಅವರು ನೋಯಿಸುವುದಿಲ್ಲ. ಕಿರುಚಾಟ ಇಲ್ಲ, ಅಳು ಬರಿಸುವ ಸಂಗೀತ ಇಲ್ಲ.

ನಮ್ಮ ಮನೆಯಲ್ಲಿ ಅದು ಬಂದಾಗ ಹೇಗಿರುತ್ತದೆ ಗೊತ್ತಾ? ಮಾವ ಊಟ ಮುಗಿಸಿ ಕವಳ (ಎಲೆ ಅಡಿಕೆ) ಹಾಕಿಕೊಂಡು ಕೂತಿರುತ್ತಾರೆ. ಗಾದೆ, ಒಗಟು, ಕುಮಾರವ್ಯಾಸ ಅಂದರೆ ಅವರಿಗೆ ಬಾಯಿಪಾಠ. ಉತ್ತರ ಗೊತ್ತಿರುತ್ತದೆ, ಬಾಯಿ ತುಂಬಾ ಕವಳ. ಬೆರಳು ಎತ್ತಿ ‘ಊಂ ಊಂ’ ಅಂತ ಮಗಳ ಕಡೆ ನೋಡುತ್ತಾರೆ, ತಡಿ ಹೇಳಬೇಡ ಅಂತ. ಎದ್ದು ಅಂಗಳದ ತುದಿಗೆ ಹೋಗಿ ಉಗಿದು ಓಡಿ ಬರುವಷ್ಟರಲ್ಲಿ ಟಿವಿಯಲ್ಲಿ ಉತ್ತರ ಬಂದಿರುತ್ತದೆ. ಆದರೂ ಮಗಳು ‘ಅಜ್ಜಂಗೆ ಗೊತ್ತಿತ್ತು’ ಅಂತ ಪಾಯಿಂಟ್ ಕೊಡುತ್ತಾಳೆ, ಕ್ಯಾಲೆಂಡರ್ ಹಿಂಭಾಗದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಾಳೆ. ವಿಜ್ಞಾನದ ಪ್ರಶ್ನೆ ಬಂದರೆ ಅವಳೇ ರಾಜ. ಸಿನಿಮಾ ಹಾಡಿನ ಪ್ರಶ್ನೆಗೆ ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತೇನೆ. ಅತ್ತೆ ಉತ್ತರ ಹೇಳುವುದಿಲ್ಲ, ಆದರೆ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಹೇಳುತ್ತಾರೆ, ಮುಖ ನೋಡಿ. ಬಹಳ ಸಲ ಅದೂ ಸರಿ ಇರುತ್ತದೆ.

ನಾನು ದುಡ್ಡು ಕೊಟ್ಟು ಇಟ್ಟುಕೊಂಡಿದ್ದ ಇನ್ನೂರು ಚಾನೆಲ್ ಇದೊಂದನ್ನು ಮಾಡಿರಲಿಲ್ಲ. ಚಂದನ ಅದರಲ್ಲೂ ಬರುತ್ತಿತ್ತು, ನಿಜ. ಆದರೆ ಅಲ್ಲಿಯವರೆಗೆ ಯಾರ ಬೆರಳೂ ಹೋಗುತ್ತಿರಲಿಲ್ಲ. ಆಯ್ಕೆ ಕಡಿಮೆಯಾದ ಮೇಲೆ ಎಲ್ಲರೂ ಒಂದೇ ಕಡೆ ನೋಡಲು ಶುರು ಮಾಡಿದರು. ನನ್ನ ತವರು ತೀರ್ಥಹಳ್ಳಿ ಕಡೆ. ಚಿಕ್ಕವಳಿದ್ದಾಗ ದೊಡ್ಡಪ್ಪನ ಮನೆಯಲ್ಲಿ ಮಾತ್ರ ಟಿವಿ, ಕಪ್ಪು ಬಿಳುಪು, ಮುಂದೆ ಎಳೆಯುವ ಬಾಗಿಲು ಇದ್ದದ್ದು, ಮೇಲೆ ಕ್ರೋಶಾದಲ್ಲಿ ಹೆಣೆದ ಬಟ್ಟೆ. ಉದ್ದದ ಅಡಿಕೆ ದಬ್ಬೆಗೆ ಆಂಟೆನಾ ಕಟ್ಟಿ, ಒಬ್ಬರು ಹಿತ್ತಿಲಲ್ಲಿ ತಿರುಗಿಸುವುದು, ಒಬ್ಬರು ಒಳಗಿನಿಂದ ‘ಬಂತು, ಹೋಯ್ತು, ಬಂತು’ ಅಂತ ಕೂಗುವುದು. ಶಂಕರ್‌ನಾಗ್ ಅವರ ಮಾಲ್ಗುಡಿ ಡೇಸ್ ಬರುವಾಗಂತೂ ಕೇಳಲೇಬೇಡಿ. ಶೂಟಿಂಗ್ ಆಗಿದ್ದು ಆಗುಂಬೆಯಲ್ಲಿ, ನಮ್ಮ ಊರಿಗೆ ಅಷ್ಟು ಹತ್ತಿರ. ಮಾತು ಹಿಂದಿಯಲ್ಲಿ, ಯಾರಿಗೂ ಪೂರ್ತಿ ಅರ್ಥವಾಗದು, ಆದರೂ ‘ಅದು ದೊಡ್ಡಮನೆ ಕಂಬ, ಅದು ಆಗುಂಬೆ ಪೇಟೆ’ ಅಂತ ಗುರುತು ಹಿಡಿದು ಕೂಗುವುದೇ ಸಂಭ್ರಮ. ಭಾನುವಾರ ಸಂಜೆಯ ಕನ್ನಡ ಸಿನಿಮಾಕ್ಕೆ ದೊಡ್ಡಮ್ಮ ಮಧ್ಯಾಹ್ನವೇ ಹಲಸಿನ ಹಪ್ಪಳ ಸುಟ್ಟು, ಎಣ್ಣೆ ಸವರಿ, ಡಬ್ಬಿ ತುಂಬಿಡುವರು. ಚಾಪೆ ಹಾಸಿದರೆ ಕೆಲಸದವರು, ನೆಂಟರು, ಮಕ್ಕಳು ಎಲ್ಲ ಒಂದೇ ಚಾಪೆ. ಆ ಕಾಲವೇ ಒಳ್ಳೆಯದು ಅಂತ ನಾನು ಹೇಳುವುದಿಲ್ಲ, ದೊಡ್ಡಮ್ಮ ಸಿನಿಮಾದ ಅರ್ಧ ಭಾಗ ಒಲೆ ಮುಂದೆಯೇ ಇರುತ್ತಿದ್ದರು. ಆದರೆ ಒಂದೇ ಪರದೆ ಎಲ್ಲರದ್ದೂ ಆಗಿದ್ದಾಗ ಮನೆಯವರು ಎಷ್ಟು ಮಾತಾಡುತ್ತಿದ್ದರು ಅನ್ನುವುದು ನನಗೆ ಗೊತ್ತಿದೆ. ನನ್ನ ಮಕ್ಕಳಿಗೂ ಅದು ಸ್ವಲ್ಪ ಸಿಗಲಿ ಅಂತ ಆಸೆ ಇತ್ತು, ಸಿಕ್ಕಿದೆ.

ಇನ್ನೊಂದು ಲಾಭ ನಾನು ಎಣಿಸಿಯೇ ಇರಲಿಲ್ಲ: ಇದರಲ್ಲಿ ಆಕಾಶವಾಣಿ ಬರುತ್ತದೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಹಸಿ ಅಡಿಕೆ ಜಾಸ್ತಿ ದಿನ ಇಡುವ ಹಾಗಿಲ್ಲ, ರಾತ್ರಿ ಕೂತು ಸುಲಿಯಲೇಬೇಕು. ಈಗ ಯಂತ್ರ ಬಂದಿದೆ, ನಮ್ಮಂಥ ಸಣ್ಣ ತೋಟದವರು ಇನ್ನೂ ಮೆಟ್ಟುಗತ್ತಿಯಲ್ಲೇ ಸುಲಿಯುತ್ತೇವೆ. ಕಣ್ಣು ಕತ್ತಿ ಬಿಟ್ಟು ಟಿವಿ ಕಡೆ ಹೋದರೆ ಬೆರಳು ಹೋಗುತ್ತದೆ. ಹಾಗಾಗಿ ಟಿವಿಯಲ್ಲೇ ರೇಡಿಯೊ ಹಾಕಿ, ಧ್ವನಿ ಜೋರು ಮಾಡಿ, ಜಗಲಿಯ ಬಾಗಿಲು ತೆರೆದಿಟ್ಟುಕೊಂಡು ಸುಲಿಯುತ್ತೇವೆ. ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ರಾಗಂ ಚಾನೆಲ್ ಇದೆ, 2016ರ ಜನವರಿ 26ರಂದು ಶುರುವಾಗಿದ್ದು, ಬೆಂಗಳೂರಿನಿಂದ ಬರುತ್ತದೆ, ದಿನದ 24 ಗಂಟೆಯೂ ಇರುತ್ತದೆ. ಸುಲಿಯಲು ಬರುವ ಹೆಂಗಸರಿಗೆ ಮೊದಲು ‘ಇದೇನು ಆ... ಆ... ಅಂತ’ ಅನ್ನಿಸಿತು. ಆಮೇಲೆ ಅವರೇ ಕೊಳಲು ಬಂದರೆ ‘ಬದಲಾಯಿಸಬೇಡಿ’ ಅನ್ನುತ್ತಾರೆ.

ಕ್ರಿಕೆಟ್ ವಿಷಯ ಗಂಡಸರು ಮೊದಲು ಕೇಳುತ್ತಾರೆ. ಕ್ರೀಡಾ ಪ್ರಸಾರ ಹಂಚಿಕೊಳ್ಳಬೇಕು ಅನ್ನುವ 2007ರ ಕಾಯ್ದೆಯಿಂದಾಗಿ ಭಾರತ ತಂಡದ ಮುಖ್ಯ ಮ್ಯಾಚ್‌ಗಳು ಡಿಡಿ ಸ್ಪೋರ್ಟ್ಸ್‌ನಲ್ಲಿ ಬರುತ್ತವೆ. ತಮಾಷೆ ಅಲ್ಲ, 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಈ ಉಚಿತ ಪ್ರಸಾರ ದೂರದರ್ಶನದ ಸ್ವಂತ ಜಾಲಕ್ಕೆ ಮಾತ್ರ ಸೀಮಿತ, ಕೇಬಲ್‌ನವರಿಗೆ ಇಲ್ಲ. ಐಪಿಎಲ್ ಬರುವುದಿಲ್ಲ. ಆರ್‌ಸಿಬಿ ಆಟ ಇದ್ದ ದಿನ ನನ್ನ ಮಗನನ್ನು ಮನೆಯಲ್ಲಿ ಹುಡುಕಬೇಡಿ.

ಮಳೆಯ ಮಾತು ಮಲೆನಾಡಿನವರಿಗೆ ಹೇಳಲೇಬೇಕು. ಆರಿದ್ರಾ, ಪುನರ್ವಸು ಮಳೆ ಜಡಿದು ಹೊಡೆಯುವಾಗ ಯಾವ ಕಂಪನಿಯ ಸಣ್ಣ ಡಿಶ್ ಆದರೂ ಸಿಗ್ನಲ್ ಕಡಿದು ಹೋಗುತ್ತದೆ, ಇದೂ ಹಾಗೇ. ಮಳೆ ಸ್ವಲ್ಪ ತಗ್ಗಿದರೆ ತಾನಾಗಿ ಬರುತ್ತದೆ. ಆದರೆ ಹಾಕಿಸುವಾಗಲೇ ಮೂರು ಕೆಲಸ ನಿಂತು ಮಾಡಿಸಿಕೊಳ್ಳಿ. ಡಿಶ್ ಮುಂದೆ ಮರದ ಟೊಂಗೆ ಬರಬಾರದು, ಬೇಸಿಗೆಯಲ್ಲಿ ಖಾಲಿ ಕಂಡ ಜಾಗ ಮಳೆಗಾಲದಲ್ಲಿ ಎಲೆ ತುಂಬುತ್ತದೆ. ವಯರು ಸೇರುವ ಜಾಗಕ್ಕೆ ನೀರು ಇಳಿಯದ ಹಾಗೆ ಟೇಪ್ ಸುತ್ತಿಸಿ. ನಟ್ಟು ಬಿಗಿ ಇದೆಯಾ ಅಂತ ಕೈಯಿಂದ ಅಲ್ಲಾಡಿಸಿ ನೋಡಿ, ಗಾಳಿಗೆ ಒಂದು ಬೆರಳಿನಷ್ಟು ತಿರುಗಿದರೂ ಚಿತ್ರ ಹೋಗುತ್ತದೆ.

ಬಾಕ್ಸ್ ಕೊಳ್ಳುವಾಗ ಎಂಪೆಗ್-4 (ಚಿತ್ರದ ಸಿಗ್ನಲ್ ಕಳಿಸುವ ಹೊಸ ಬಗೆ) ಅಂತಲೇ ಕೇಳಿ ತೆಗೆದುಕೊಳ್ಳಿ. ಎಂಪೆಗ್-2 ಬಾಕ್ಸ್ ಸ್ವಲ್ಪ ಅಗ್ಗ, ಆದರೆ ಅದರಲ್ಲಿ ಕೆಲವು ಚಾನೆಲ್ ಬರುವುದಿಲ್ಲ. ಎಂಪೆಗ್-4 ಬಾಕ್ಸಿನಲ್ಲಿ ಎರಡೂ ಬಗೆಯದು ಬರುತ್ತದೆ. ನಮಗೆ ಸಿಕ್ಕಿದ ಬಾಕ್ಸಿನ ರಿಮೋಟ್ ಚೆನ್ನಾಗಿರಲಿಲ್ಲ, ಗುಂಡಿ ಒತ್ತಿ ಒತ್ತಿ ಮಾವನ ಹೆಬ್ಬೆರಳು ನೋವು ಬಂತು. ಬೇರೆ ರಿಮೋಟ್ ತಂದ ಮೇಲೆ ಸರಿಯಾಯಿತು, ಅಂಗಡಿಯಲ್ಲೇ ಒತ್ತಿ ನೋಡಿ ತನ್ನಿ. ಚಾನೆಲ್‌ಗಳು ಆಗಾಗ ಬದಲಾಗುತ್ತವೆ, ಯಾಕೆಂದರೆ ಖಾಸಗಿ ಚಾನೆಲ್‌ಗಳಿಗೆ ಜಾಗವನ್ನು ಹರಾಜಿನಲ್ಲಿ ಕೊಡುತ್ತಾರೆ. ಯಾವುದೋ ಚಾನೆಲ್ ಕಾಣೆಯಾದರೆ ಮೆಕ್ಯಾನಿಕ್‌ಗೆ ಫೋನ್ ಮಾಡಬೇಡಿ, ಮೆನುವಿಗೆ ಹೋಗಿ ಆಟೊ ಸ್ಕ್ಯಾನ್ ಕೊಡಿ. ನಮ್ಮ ಮನೆಯಲ್ಲಿ ಆ ಕೆಲಸ ಮಾವನದ್ದು. ಮೊಮ್ಮಗಳು ಒಂದು ಹಾಳೆಯಲ್ಲಿ ಯಾವ ಗುಂಡಿ ಆದಮೇಲೆ ಯಾವುದು ಅಂತ ದೊಡ್ಡ ಅಕ್ಷರದಲ್ಲಿ ಬರೆದು ಟಿವಿ ಪಕ್ಕದ ಗೋಡೆಗೆ ಅಂಟಿಸಿದ್ದಾಳೆ. ಹಿರಿಯರಿರುವ ಮನೆಯವರು ಮೊದಲ ದಿನವೇ ಇಂಥದ್ದೊಂದು ಅಂಟಿಸಿಡಿ, ತುಂಬಾ ಉಪಯೋಗ.

ಹಳೆ ದೂರದರ್ಶನದ ಆಂಟೆನಾ ಅಟ್ಟದ ಮೇಲಿದೆ, ಅದರಲ್ಲೇ ಹಿಡಿಯಬಹುದಾ ಅಂತ ಇಬ್ಬರು ಮೂವರು ಕೇಳಿದರು. ಆಗುವುದಿಲ್ಲ. ಆ ಹಳೆ ಪ್ರಸಾರ ಕೇಂದ್ರಗಳನ್ನು 2022ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವನ್ನೂ ಮುಚ್ಚಿದ್ದಾರೆ. ಈಗ ಫ್ರೀ ಡಿಶ್ಶೇ ಆಗಬೇಕು.

ಬರುವ ದಸರಾಕ್ಕೆ ನನ್ನ ತವರಿನ ಮನೆಗೂ ಒಂದು ಹಾಕಿಸುತ್ತಿದ್ದೇನೆ. ಜಂಬೂಸವಾರಿಯನ್ನು ಚಂದನದಲ್ಲಿ ನೇರವಾಗಿ ತೋರಿಸುತ್ತಾರೆ, ದೊಡ್ಡಮ್ಮ ಈಗ ಅಲ್ಲಿದ್ದಾರೆ, ಅವರಿಗೆ ಆನೆ ಅಂದರೆ ಪ್ರಾಣ. ಡಿಶ್ ಕೂರಿಸುವ ಜಾಗ ಅಣ್ಣ ಈಗಾಗಲೇ ನೋಡಿಟ್ಟಿದ್ದಾನೆ, ಹಲಸಿನ ಮರದ ಒಂದು ಟೊಂಗೆ ಕಡಿಯಬೇಕಂತೆ.