ಪಾಂಡವಪುರ ರಸ್ತೆಯ ಮೊಲದ ಫಾರಂ: ಮರಿ ತಗೊಳ್ಳಿ, ಗೂಡು ಬೇಡ

ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವಾಗ ಕಬ್ಬಿನ ಗದ್ದೆಗಳ ನಡುವೆ ಒಂದು ಸಣ್ಣ ಮೊಲದ ಫಾರಂ ಇದೆ. ಮರಿ ಬೇಕಿದ್ದವರು ಧೈರ್ಯವಾಗಿ ಹೋಗಬಹುದು. ಗೂಡು ಮಾತ್ರ ಬೇರೆ ಕಡೆ ಮಾಡಿಸಿಕೊಳ್ಳಿ.

ನಾನು ತಂದಿದ್ದು ನ್ಯೂಜಿಲೆಂಡ್ ವೈಟ್. ಎರಡು ತಿಂಗಳ ಮರಿಗಳು, ಜೋಡಿಗೆ 1,200 ರೂಪಾಯಿ. ಮೈಯೆಲ್ಲ ಬಿಳಿ, ಕಣ್ಣು ಕೆಂಪು. ಸಂತೆಯಲ್ಲಿ ಬಿಳಿ ಮೊಲ ಯಾವುದಿದ್ದರೂ ಇದೇ ಹೆಸರು ಹೇಳಿ ಮಾರುತ್ತಾರೆ. ಇಲ್ಲಿ ಯಜಮಾನರು ತಾಯಿ ಮೊಲವನ್ನೇ ತಂದು ತಕ್ಕಡಿಗೆ ಇಟ್ಟರು. ನಾಲ್ಕೂವರೆ ಕೆ.ಜಿ. ತೂಗಿತು. ಈ ತಳಿಯಲ್ಲಿ ಗಂಡು 4ರಿಂದ 5 ಕೆ.ಜಿ., ಹೆಣ್ಣು ಅದಕ್ಕಿಂತ ಸ್ವಲ್ಪ ಜಾಸ್ತಿ. ತಳಿ ಬೆಳೆದದ್ದು ನ್ಯೂಜಿಲೆಂಡಿನಲ್ಲಲ್ಲ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸುಮಾರು ನೂರು ವರ್ಷದ ಹಿಂದೆ. ಮಾಂಸ, ತುಪ್ಪಳ ಎರಡಕ್ಕೂ ಸಾಕಿದರು. ಬಿಳಿ ತುಪ್ಪಳಕ್ಕೆ ಯಾವ ಬಣ್ಣ ಬೇಕಾದರೂ ಹಾಕಬಹುದು ಅಲ್ವಾ, ಅದಕ್ಕೇ ಬಿಳಿಗೆ ಗಿರಾಕಿ. ನಮ್ಮ ಮನೆಗೆ ಬಂದವು ಸುಮ್ನೆ ಮಕ್ಕಳ ಜೊತೆ ಇರಲಿ ಅಂತ. ಸಾಧು ಪ್ರಾಣಿಗಳು.

ಪಕ್ಕದ ಸಾಲಿನಲ್ಲಿ ಕ್ಯಾಲಿಫೋರ್ನಿಯನ್ ಇತ್ತು. ನೋಡಬೇಕಾದ್ದು ಅದನ್ನೇ. ಮೈ ಬಿಳಿ, ಕಿವಿ, ಮೂಗು, ಪಾದ, ಬಾಲ ಕಪ್ಪು. 1923ರಲ್ಲಿ ಜಾರ್ಜ್ ವೆಸ್ಟ್ ಎಂಬುವರು ಹಿಮಾಲಯನ್, ಚಿಂಚಿಲಾ, ನ್ಯೂಜಿಲೆಂಡ್ ವೈಟ್ ತಳಿಗಳನ್ನು ಕೂಡಿಸಿ ಶುರು ಮಾಡಿದ ತಳಿ ಇದು. ಆದರೆ ಇಲ್ಲಿನವುಗಳ ಕಿವಿ ಕಪ್ಪಲ್ಲ, ಬೂದಿ ಬಣ್ಣ. ನನ್ನ ಜೊತೆ ಬಂದಿದ್ದ ಭಾವ ನೇರವಾಗಿ ಕೇಳಿಯೇಬಿಟ್ಟರು, "ಇದು ಕ್ರಾಸ್ ಅಲ್ವೇನ್ರೀ?" ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ. ಈ ಕಪ್ಪು ಮೂಡುವುದು ಮೈಯ ತಣ್ಣಗಿನ ಭಾಗಗಳಲ್ಲಿ. ಚಳಿ ಇದ್ದರೆ ಕಪ್ಪು ಗಟ್ಟಿಯಾಗುತ್ತದೆ, ಸೆಕೆಗೆ ಮಾಸುತ್ತದೆ. "ಮಂಡ್ಯದ ಬಿಸಿಲಿಗೆ ಇಷ್ಟೇ ಸ್ವಾಮಿ, ಡಿಸೆಂಬರ್‌ಗೆ ಬನ್ನಿ ನೋಡೋರಂತೆ" ಎಂದರು. ವ್ಯಾಪಾರಿಗೆ ತನ್ನ ಪ್ರಾಣಿ ಇಷ್ಟು ಗೊತ್ತಿದ್ದರೆ ನನಗೆ ಸಾಕು.

ಶೆಡ್ಡಿನ ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದ್ದಾರೆ, ಸುತ್ತ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತಾರೆ. ಮೊಲ ನಮ್ಮ ಹಾಗೆ ಬೆವರುವುದಿಲ್ಲ, ಕಿವಿಯಿಂದಲೇ ಹೆಚ್ಚಿನ ಬಿಸಿ ಹೊರಗೆ ಹಾಕಬೇಕು. 30 ಡಿಗ್ರಿ ದಾಟಿದರೆ ಒದ್ದಾಟ. ಏಪ್ರಿಲ್, ಮೇ ತಿಂಗಳಲ್ಲಿ ಇವರು ಮರಿ ಮಾಡಿಸುವುದೂ ಇಲ್ಲ.

ಮೇವಿನ ವಿಷಯದಲ್ಲಿ ನಮ್ಮಂಥ ರೇಷ್ಮೆಯವರಿಗೆ ಅನುಕೂಲ. ಹಿಪ್ಪುನೇರಳೆ ಸೊಪ್ಪು ಮೊಲಕ್ಕೆ ಪ್ರಾಣ. ಹುಳುವಿಗೆ ಆಗಬೇಕಲ್ಲ ಅಂತ ತೋಟಕ್ಕೆ ಕಂಡಕಂಡ ಔಷಧಿ ಹೊಡೆದಿರುವುದಿಲ್ಲ. ಆದರೆ ಹುಳು ತಿಂದು ಬಿಟ್ಟ ಸೊಪ್ಪನ್ನು ಹಾಕಬೇಡಿ ಎಂದು ಅವರೇ ಎಚ್ಚರಿಸಿದರು. ಅದರ ಮೇಲೆ ಸುಣ್ಣ, ಔಷಧಿ ಪುಡಿ ಬಿದ್ದಿರುತ್ತದೆ. ಜೊತೆಗೆ ಒಣಹುಲ್ಲು ಸದಾ ಇರಬೇಕು. ಹಲ್ಲು ಬೆಳೆಯುತ್ತಲೇ ಇರುತ್ತದೆ, ಜಗಿದು ಸವೆಸದಿದ್ದರೆ ಬಾಯಿಯೇ ಮುಚ್ಚಲಾಗದ ಸ್ಥಿತಿ ಬರುತ್ತದೆ.

ಈಗ ದೂರು. 1,500 ರೂಪಾಯಿಯ ಗೂಡಿನ ತಳಕ್ಕೆ ತೆಳು ತಂತಿ, ಕಣ್ಣು ಬೇರೆ ದೊಡ್ಡದು. ಇಷ್ಟು ತೂಕದ ಮೊಲ ಅದರ ಮೇಲೆ ಕೂತರೆ ಅಂಗಾಲು ಹುಣ್ಣಾಗುತ್ತದೆ. ಹೇಳಿದೆ. "ಎಲ್ಲರೂ ಇದನ್ನೇ ಒಯ್ತಾರೆ" ಎಂದು ನಕ್ಕು ಸುಮ್ಮನಾದರು. ಅಷ್ಟೆಲ್ಲ ತಿಳಿದವರು ಇಂಥದ್ದನ್ನು ಯಾಕೆ ಮಾರುತ್ತಾರೋ! ನಾನು ಊರಿನಲ್ಲಿ ಬಡಗಿಯ ಹತ್ತಿರ ಬಿದಿರಿನ ಪಟ್ಟಿ ಹೊಡೆಸಿ ಮಾಡಿಸಿಕೊಂಡೆ.

ಇನ್ನೊಂದು ಕಿರಿಕಿರಿ: ಜೋಡಿಯಾಗಿಯೇ ಕೊಡುತ್ತಾರೆ, ಎರಡೂ ಹೆಣ್ಣು ಬೇಕೆಂದರೆ ಗೊಣಗುತ್ತಾರೆ. ಗಂಡು ಹೆಣ್ಣು ತಂದವರು ನಾಲ್ಕು ತಿಂಗಳು ತುಂಬುವ ಮೊದಲೇ ಬೇರೆ ಬೇರೆ ಇಡಿ. ಬಸಿರು ಬರೀ ಒಂದು ತಿಂಗಳು, ಈದ ದಿನವೇ ಮತ್ತೆ ಗಬ್ಬವಾಗಬಲ್ಲದು. ಮರಿಗಳನ್ನು ಹಂಚಲು ಊರಿನಲ್ಲಿ ನೆಂಟರು ಸಾಲುವುದಿಲ್ಲ.

ಹೋಗುವುದಾದರೆ ಬೆಳಿಗ್ಗೆ ಎಂಟರೊಳಗೆ ಹೋಗಿ, ಬಿಸಿಲೇರುವ ಮೊದಲು ಮರಿ ಮನೆ ಸೇರಲಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆ ನೀವೇ ಒಯ್ಯಿರಿ. ಅವರು ಕೊಡುವುದು ಸಿಮೆಂಟ್ ಚೀಲ.