ಹಳೆಯ ಜಿಲೆಟ್ ರೇಜರ್‌ನ ಕಾಲನಿರ್ಣಯ: ಕೋಡ್, ಪೇಟೆಂಟ್, ಕ್ರಮಸಂಖ್ಯೆ ಅಥವಾ ತಲೆಯ ರಚನೆ?

ಹಳೆಯ ಸೇಫ್ಟಿ ರೇಜರ್ ಒಂದರ ಕಾಲವನ್ನು ಗುರುತಿಸಲು ಸಂಗ್ರಾಹಕರು ಸಾಮಾನ್ಯವಾಗಿ ನಾಲ್ಕು ಆಧಾರಗಳನ್ನು ಬಳಸುತ್ತಾರೆ. ನನ್ನ ಸಂಗ್ರಹದಲ್ಲಿರುವ ಅಮೆರಿಕದ ಜಿಲೆಟ್ ರೇಜರ್‌ಗಳ ಮೇಲೆ ಈ ನಾಲ್ಕನ್ನೂ ಪ್ರಯೋಗಿಸಿ ನೋಡಿದ ಮೇಲೆ, ಎಲ್ಲಕ್ಕೂ ಒಂದೇ ತೂಕ ಕೊಡುವುದು ಸರಿಯಲ್ಲವೆಂಬ ಅಭಿಪ್ರಾಯಕ್ಕೆ ಬಂದಿದ್ದೇನೆ.

ಅತ್ಯಂತ ನಿಖರವಾದುದು ತಲೆಯ ಅಡಿಭಾಗದಲ್ಲಿ ಒತ್ತಿರುವ ಕೋಡ್. ಅದರ ಅಕ್ಷರ ವರ್ಷವನ್ನೂ ಅಂಕೆ ತ್ರೈಮಾಸಿಕವನ್ನೂ ಸೂಚಿಸುತ್ತದೆ: 1951ಕ್ಕೆ ಡಬ್ಲ್ಯೂ, 1954ಕ್ಕೆ ಝಡ್, 1955ಕ್ಕೆ ಮತ್ತೆ ಎ. ಹೀಗಾಗಿ 'ಇ 3' ಎಂದಿರುವ ದಪ್ಪ ಹಿಡಿಯ ಅಡ್ಜಸ್ಟಬಲ್ (ಬ್ಲೇಡ್ ಎಷ್ಟು ಹೊರಚಾಚಬೇಕೆಂದು ಹೊಂದಿಸಬಹುದಾದ ರೇಜರ್), ಅಂದರೆ ಸಂಗ್ರಾಹಕರು 'ಫ್ಯಾಟ್ ಬಾಯ್' ಎಂದು ಕರೆಯುವ ರೇಜರ್, 1959ರ ಮೂರನೆಯ ತ್ರೈಮಾಸಿಕದ್ದು. ಜಿಡ್ಡು ಮತ್ತು ಸಾಬೂನಿನ ಕಸ ತುಂಬಿದ್ದರೆ ಮೃದುವಾದ ಬ್ರಷ್ಷಿನಿಂದ ತೊಳೆದು, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು. ಲೋಹದ ಪಾಲಿಶ್ ಹಾಕಿ ಉಜ್ಜಿದರೆ ನಿಕಲ್ ಲೇಪನ ಸವೆಯುತ್ತದೆ. ಆದರೆ ಇದೇ ಅಕ್ಷರಮಾಲೆ ಎಪ್ಪತ್ತರ ದಶಕದಲ್ಲಿ ಮತ್ತೆ ಡಬ್ಲ್ಯೂವಿಗೆ ಬಂದು ನಿಲ್ಲುವುದರಿಂದ, ಮಾದರಿ ಯಾವುದೆಂದು ತಿಳಿಯದೆ ಅಕ್ಷರವೊಂದನ್ನೇ ನಂಬುವಂತಿಲ್ಲ.

ಪೇಟೆಂಟ್ ದಿನಾಂಕ ಕಣ್ಣಿಗೆ ಮೊದಲು ಬೀಳುತ್ತದೆ. ಮಾರಾಟಗಾರರು ಅದನ್ನೇ ತಯಾರಿಕೆಯ ದಿನಾಂಕವೆಂದು ತೋರಿಸುವುದೂ ಉಂಟು. 1904ರ ನವೆಂಬರ್ 15 ಎಂಬುದು ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಪೇಟೆಂಟ್ ದೊರೆತ ದಿನವಷ್ಟೆ. ಆ ದಿನಾಂಕ ಹೊತ್ತ ರೇಜರ್‌ಗಳು ಅನೇಕ ವರ್ಷಗಳ ಕಾಲ ತಯಾರಾದವು, ಆದ್ದರಿಂದ ಅದು 'ಇದಕ್ಕಿಂತ ಮೊದಲಿನದಲ್ಲ' ಎಂದು ಮಾತ್ರ ಹೇಳಬಲ್ಲದು. ನಾಲ್ಕರಲ್ಲಿ ನಾನು ಕೊನೆಯ ಸ್ಥಾನ ಕೊಡುವುದು ಇದಕ್ಕೇ.

ಮೂರು ತುಂಡುಗಳ ಆರಂಭಕಾಲದ ರೇಜರ್‌ಗಳಿಗೆ ಕ್ರಮಸಂಖ್ಯೆ ಉಪಯುಕ್ತ. ಆದರೆ ಅದು ಇರುವುದು ಒಂದು ತುಂಡಿನ ಮೇಲೆ. ಉಳಿದ ಎರಡು ತುಂಡುಗಳು ಬೇರೆ ರೇಜರ್‌ನಿಂದ ಬಂದಿರಬಹುದು.

ಇಂತಹ ಕಲಬೆರಕೆಯನ್ನು ಹಿಡಿದುಕೊಡುವುದು ತಲೆಯ ರಚನೆ, ಮತ್ತು ನನ್ನ ದೃಷ್ಟಿಯಲ್ಲಿ ಉಳಿದ ಆಧಾರಗಳ ನಡುವೆ ತೀರ್ಪು ಕೊಡುವುದೂ ಅದೇ. ಹಳೆಯ ಮಾದರಿ ಮೂರು ರಂಧ್ರಗಳ ಬ್ಲೇಡಿಗಾಗಿ ರೂಪುಗೊಂಡದ್ದು. ಬ್ಲೇಡಿನ ಆಕಾರವನ್ನೇ ಬದಲಿಸಿದ 'ನ್ಯೂ' ಮಾದರಿ 1930ರದ್ದು. ಬಾಚಣಿಗೆಯಂತಹ ಹಲ್ಲುಗಳಿಲ್ಲದೆ ನೇರವಾದ ಪಟ್ಟಿಯಿದ್ದರೆ ಅದು ಮೂವತ್ತರ ದಶಕದ ಕೊನೆಗೆ ಬಂದ 'ಟೆಕ್' ಆಗಿರಬಹುದು. ಹಿಡಿಯ ತುದಿ ತಿರುಗಿಸಿದಾಗ ಬಾಗಿಲಿನಂತೆ ತೆರೆಯುವ ತಲೆ 1934ರ 'ಅರಿಸ್ಟೊಕ್ರಾಟ್'ನಿಂದ ಆರಂಭವಾಗುತ್ತದೆ. ಮಧ್ಯದ ಪಟ್ಟಿಯಲ್ಲಿ ಡಿಸ್ಪೆನ್ಸರ್ ಎಂಬ ಬ್ಲೇಡ್ ಡಬ್ಬಿಯಿಂದ ಬ್ಲೇಡ್ ಜಾರಿಸಲು ಕಚ್ಚುಗಳೂ ಇದ್ದರೆ ಅದು 1947ರ ಅನಂತರದ 'ಸೂಪರ್ ಸ್ಪೀಡ್' ಇರಬಹುದು. ಅಡ್ಜಸ್ಟಬಲ್‌ಗಳಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕೆಗಳು ಫ್ಯಾಟ್ ಬಾಯ್ ಮತ್ತು ಸ್ಲಿಮ್ ಎರಡರಲ್ಲೂ ಇವೆ, ಹಾಗಾಗಿ ಹಿಡಿಯ ದಪ್ಪವನ್ನು ನೋಡಬೇಕು: ದಪ್ಪನೆಯದು 1958ರಿಂದ, ತೆಳ್ಳನೆಯದು 1961ರಿಂದ. ರಚನೆಯ ಮಿತಿಯೂ ಇಲ್ಲಿಯೇ ಇದೆ. ಅದು ವರ್ಷವನ್ನಲ್ಲ, ಅವಧಿಯನ್ನು ಕೊಡುತ್ತದೆ.

ಇಂಗ್ಲೆಂಡಿನಲ್ಲಿ ತಯಾರಾದ ಎಷ್ಟೋ ಟೆಕ್‌ಗಳಲ್ಲಿ ಕೋಡೂ ಇಲ್ಲ, ಕ್ರಮಸಂಖ್ಯೆಯೂ ಇಲ್ಲ. ಅಂಥವುಗಳ ಚೀಟಿಯ ಮೇಲೆ ನಾನು ವರ್ಷ ಬರೆಯುವುದಿಲ್ಲ. ಮಾದರಿಯ ಹೆಸರು ಮತ್ತು ತಯಾರಾದ ದೇಶವನ್ನಷ್ಟೇ ಬರೆಯುತ್ತೇನೆ.